ಎರಡನೇ ಸ್ಲಾಟ್

ನವೆಂಬರ್ 10, ಸೋಮವಾರ

ಮತ್ತೆ ಕೆಂಪು. ಕಂಪನಿಯವರ ಸಿಸ್ಟಮ್ ಚೆಕ್ ಮೂರು ಸಲ ಓಡಿಸಿದೆ. ಕ್ಯಾಮೆರಾ ಓಕೆ, ಇಂಟರ್‌ನೆಟ್ ಓಕೆ. ಮೆಮೊರಿ — ನಾಲ್ಕು ಜಿಬಿ ಇದೆ, ಎಂಟು ಬೇಕು. ಆನ್‌ಲೈನ್ ಪಾಠಗಳಿಗೆ ಸಬ್‌ಟೈಟಲ್ ಹಾಕುವ ಕೆಲಸ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಸಿಕ್ಕಿದ ಮೊದಲ ಕೆಲಸ. ಮುಂದಿನ ಸೋಮವಾರ ಒಂಬತ್ತಕ್ಕೆ ಲಾಗಿನ್. ಅಷ್ಟರಲ್ಲಿ ಹಸಿರು ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ.

ಹೊಸ ಕಂಪ್ಯೂಟರ್ ಕೇಳಬಹುದು. ಕೇಳಿದರೆ ಮನೆಯಲ್ಲಿ ಪಂಚಾಯ್ತಿ. ಅತ್ತೆ ಆಗಲೇ ಅಂದಾಗಿದೆ — "ಮೂರು ಮನೆ ಬಾಡಿಗೆಗೆ ಬಿಟ್ಟಿರೋರ ಸೊಸೆ ಇನ್ನೊಬ್ರ ಕೈಕೆಳಗೆ ಯಾಕವ್ವ ದುಡೀಬೇಕು?" ಗಂಡ ಅನ್ನಿಸಿಕೊಂಡ ರಘು "ನೋಡೋಣ ಬಿಡು" ಅನ್ನುವುದರಲ್ಲೇ ಇದ್ದಾನೆ. ಮೆಮೊರಿ ಹೆಚ್ಚಿಸುವ ಒಂದು ರ‍್ಯಾಮ್ ಕಡ್ಡಿಯಾದರೆ ಸದ್ದಿಲ್ಲದೆ ಹಾಕಿಬಿಡಬಹುದು. ಆರ್ಡರ್ ಮಾಡಿದೆ.

ನ. 12, ಬುಧವಾರ, ಬೆಳಿಗ್ಗೆ 11

ಬಂತು. ಕೂರಲಿಲ್ಲ. ಕಡ್ಡಿಯ ಕಚ್ಚು ಒಂದು ಕಡೆ, ಬೋರ್ಡಿನಲ್ಲಿ ಅದು ಕೂರುವ ಸ್ಲಾಟಿನ ಉಬ್ಬು ಇನ್ನೊಂದು ಕಡೆ. ಒತ್ತಿದೆ. ಇನ್ನೂ ಒತ್ತಿದೆ. ಬೋರ್ಡು ಬಾಗಿತು, ಜೀವ ಬಾಯಿಗೆ ಬಂತು. ಪ್ಯಾಕೆಟ್ ಮೇಲೆ ಡಿಡಿಆರ್-4 ಅಂತ ದಪ್ಪಕ್ಷರದಲ್ಲಿ ಇದೆ. ಜಿಬಿ ನೋಡಿದೆ, ಸ್ಟಾರ್ ನೋಡಿದೆ, ಇದೊಂದು ನೋಡಲಿಲ್ಲ. ದಡ್ಡಿ. ಅದು ಹೊಸ ಕಂಪ್ಯೂಟರ್‌ಗಳ ನಮೂನೆ, ನಮ್ಮದು ಹನ್ನೆರಡು ವರ್ಷದ ಹಳೇ ಡಬ್ಬ.

ಸಂಜೆ 5

ಲೈನಿಂಗ್ ಬಟ್ಟೆ ತರಬೇಕು ಅಂತ ಅತ್ತೆಗೆ ಸುಳ್ಳು ಹೇಳಿ ಜೆ.ಪಿ. ನಗರಕ್ಕೆ ಹೋದೆ. ಕೋಣನಕುಂಟೆ ಕ್ರಾಸ್ ಸಿಗ್ನಲ್ಲಿನಲ್ಲಿ ಸ್ಕೂಟಿ ಮೇಲೆ ಕೂತೇ ಕಾಲು ಕುಣಿಸುತ್ತಿದ್ದೆ. ರಿಪೇರಿ ಅಂಗಡಿಯ ಮಹಾಂತೇಶ್ — "ಹಳೇದು ತಂದಿಲ್ಲೇನ್ರಿ ಮೇಡಂ? ನೋಡದ ಹೆಂಗ ಕೊಡ್ಲಿ? ಜಿಬಿ ಒಂದ ಹೇಳಿದ್ರ ಆಗೂದಿಲ್ರಿ. ಯಾವ ಕಾಲದ್ದು, ಎಷ್ಟು ಸ್ಪೀಡು, ಎಷ್ಟು ವೋಲ್ಟು — ಎಲ್ಲಾ ಅದರ ಚೀಟಿ ಮ್ಯಾಲ ಇರ್ತದ."

ಕಾಲು ಮನೆಯಲ್ಲಿ ಬಿಟ್ಟು ಚಪ್ಪಲಿ ಅಂಗಡಿಗೆ ಹೋದ ಹಾಗಾಯಿತು. ವಾಪಸ್.

ನ. 14, ಶುಕ್ರವಾರ

ನಿನ್ನೆ ಮನೆ ತುಂಬ ನೆಂಟರು. ನಗುತ್ತಾ ಕಾಫಿ ಕೊಟ್ಟೆ, ಒಳಗೊಳಗೇ ದಿನ ಎಣಿಸಿದೆ. ಇವತ್ತು ಹಳೇ ಕಡ್ಡಿಯನ್ನೇ ಬಿಚ್ಚಿ ಪರ್ಸಿನಲ್ಲಿಟ್ಟುಕೊಂಡು ಹೋದೆ. ಮಹಾಂತೇಶ್ ಕನ್ನಡಕ ಹಣೆಗೇರಿಸಿ ಓದಿದರು. ಡಿಡಿಆರ್-3, 1333, ಒಂದೂವರೆ ವೋಲ್ಟ್. ಡ್ರಾಯರೆಲ್ಲ ತಡಕಾಡಿ ಜೋಡಿ ಹುಡುಕಿ ಕೊಟ್ಟರು.

ಹಾಕಿದೆ. ಪರದೆ ಕಪ್ಪು. ಬೀಪ್... ಬೀಪ್... ಬೀಪ್... ಹೊಸದನ್ನು ತೆಗೆದರೆ ಆನ್. ಹಾಕಿದರೆ ಮತ್ತೆ ಬೀಪ್. ಇದೂ ಹೊಂದಲಿಲ್ಲವಾ? ಫೋನ್ ಮಾಡಿದೆ. "ಒಂದೊಂದ ಹಾಕಿ ನೋಡ್ರಿ. ಜಾಗಾ ಬದಲ ಮಾಡ್ರಿ" ಅಂದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಥೂ.

ನ. 15, ಶನಿವಾರ

ಒಂದೊಂದಾಗಿ ಹಾಕಿದರೆ ಮೊದಲ ಸ್ಲಾಟಿನಲ್ಲಿ ಎರಡೂ ಕಡ್ಡಿಗಳು ಓಡುತ್ತವೆ. ಎರಡನೇ ಸ್ಲಾಟಿನಲ್ಲಿ ಒಂದೂ ಓಡುವುದಿಲ್ಲ. ಅಂದರೆ ತಪ್ಪು ಕಡ್ಡಿಯದಲ್ಲ. ಮೊಬೈಲ್ ಟಾರ್ಚ್ ಬಿಟ್ಟು ಬಗ್ಗಿ ನೋಡಿದೆ. ಸ್ಲಾಟಿನೊಳಗೆ ಕೆಂಪಗೆ ಏನೋ ಕೂತಿದೆ. ಕುಂಕುಮ!

ಹೋದ ತಿಂಗಳ ಆಯುಧಪೂಜೆ. ರಘು ಧೂಳು ಹೊಡೆಯಲು ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿದ್ದ. ಅತ್ತೆ ಸೀದಾ ಒಳಗೇ ಕೈ ಹಾಕಿ ಇಟ್ಟಿದ್ದಾರೆ. ಹೊರಗೆ ಇಟ್ಟರೆ ಡಬ್ಬಕ್ಕೆ ಮಾತ್ರ ಪೂಜೆ ಆಗುತ್ತದಂತೆ, ಕೆಲಸ ಮಾಡೋದಕ್ಕೆ ಆಗೋದಿಲ್ಲವಂತೆ.

ಕೂಗಾಡಿಬಿಟ್ಟೆ. "ಕೆಲ್ಸಕ್ಕೆ ಹೋಗ್ಬೇಡ ಅಂತ ಬಾಯಲ್ಲಿ ಹೇಳಿದ್ದು ಸಾಲ್ದಾಗಿತ್ತಾ ಅತ್ತೆ?" ಅವರು ಎದ್ದು ಒಳಗೆ ಹೋದರು. ಊಟಕ್ಕೂ ಬರಲಿಲ್ಲ. ಆ ಹಬ್ಬದ ದಿನ ಈ ಕೆಲಸದ ಸುದ್ದಿಯೇ ಇರಲಿಲ್ಲ. ಗೊತ್ತಿದ್ದೂ ಅಂದೆ. ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ.

ನ. 16, ಭಾನುವಾರ, ಮಧ್ಯಾಹ್ನ

ಅತ್ತೆ ತಾವಾಗಿಯೇ ಬಂದರು. ಕೈಯಲ್ಲಿ ದೀಪದ ಸಂದು ಉಜ್ಜುವ ಸಣ್ಣ ಬ್ರಷ್ಷು. "ಎಲ್ಲೈತೆ ತೋರ್ಸು." ಪ್ಲಗ್ ಕಿತ್ತು ತೋರಿಸಿದೆ. ಬ್ರಷ್ಷು ಅವರ ಕೈಯಲ್ಲೇ ಬಿಟ್ಟೆ. ಟಾರ್ಚ್ ಮಾತ್ರ ಹಿಡಿದೆ. ಅವರು ಸ್ಲಾಟಿನೊಳಗಿನ ಒಂದೊಂದೇ ತಂತಿ ಎಳೆ ಉಜ್ಜಿ ಊದಿದರು.

ಉಜ್ಜುತ್ತಲೇ ಅಂದರು — "ಹೊಲ ಮಾರಿದ್ಮೇಲೆ ಎರಡು ವರ್ಸ ನಾನೂ ಹಿಂಗೇ ಒದ್ದಾಡ್ದೆ ಕಣವ್ವ. ಬೆಳಗಾಗೆದ್ರೆ ಕೈಗೇನು ಕೆಲ್ಸ ಅಂತ್ಲೇ ಗೊತ್ತಾಯ್ತಿರ್ನಿಲ್ಲ. ಯಾರ್ತಾವೂ ಯೋಳ್ಕಳ್ಳಿಲ್ಲ."

ಒಂಬತ್ತು ವರ್ಷದಲ್ಲಿ ನಾನೂ ಕೇಳಿರಲಿಲ್ಲ. "ತಪ್ಪಾಯ್ತು ಅತ್ತೆ" ಅಂದೆ. "ಅದಿರ್ಲಿ, ಮದ್ಲು ಕರೆಂಟ್ ಹಾಕು."

ಎರಡೂ ಕಡ್ಡಿ ಕೂರಿಸಿ ಆನ್ ಮಾಡಿದೆ. ಒಂದೇ ಬೀಪ್. ಎಂಟು ಜಿಬಿ. ಹಸಿರು!

ನ. 17, ಸೋಮವಾರ, 11.05

ಹತ್ತು ನಿಮಿಷ ಬ್ರೇಕ್. ಎರಡು ವಿಡಿಯೋ ಮುಗಿಸಿದೆ.

ಆಗಲೇ ಯಾರೋ ಮೇಲಿನ ಮನೆ ನೋಡಲು ಬಂದರು. ಹತ್ತು ಸಲ ಬೆಲ್. ಬೀಗದ ಕೈ ನನ್ನ ಹತ್ತಿರ, ಮನೆ ತೋರಿಸುವವಳೂ ಯಾವತ್ತೂ ನಾನೇ. ಹೆಡ್‌ಫೋನ್ ತೆಗೆದು ಏಳಬೇಕು, ಗೇಟಿನಲ್ಲಿ ಅತ್ತೆಯ ದನಿ —

"ಈಗ ಆಗಾಕಿಲ್ಲ ಸಾಮಿ. ನಮ್ ಸೊಸೆ ಡ್ಯೂಟಿಲವ್ಳೆ. ಸಾಯಂಕಾಲ ಬನ್ನಿ."

ಡ್ಯೂಟಿ ಅಂದರು. ಬೀದಿಗೆಲ್ಲ ಕೇಳುವ ಹಾಗೆ ಅಂದರು. ಅಳು ಬರ್ತಿದೆ, ಸ್ಕ್ರೀನ್ ಮಂಜುಮಂಜು, ಇನ್ನು ಎರಡೇ ನಿಮಿಷ ಇದೆ, ಮುಖ ತೊಳೆದು