ಎಡಗಿವಿಗೆ ಊದಿದ ಹೆಸರು

ಲಾರಿ ಅಂಗಳ, ಗಬ್ಬೂರು, ಹುಬ್ಬಳ್ಳಿ
30 ಫೆಬ್ರವರಿ 2219

ವಯಸ್ಸಿನಲ್ಲಿ ನನಗಿಂತ ಕಿರಿಯರು, ಕಾಲದಲ್ಲಿ ಹಿರಿಯರು ಆದ ನಿಮಗೆ,

ಇದನ್ನು ರಸ್ತೆ ಬದಿಯಲ್ಲಿ ನಿಂತು ಓದುತ್ತಿದ್ದರೆ ಮೊದಲು ಪಕ್ಕಕ್ಕೆ ಸರಿಯಿರಿ. ನಿಮ್ಮ ಬೆನ್ನ ಹಿಂದೆ ನಲವತ್ತು ಗಾಲಿಯ ಲಾರಿಯೊಂದು ಬ್ರೇಕ್ ಇಲ್ಲದೆ ಬರುತ್ತಿದೆ.

ಸರಿದಿರಾ? ಏನೂ ಬರುತ್ತಿಲ್ಲ. ಸುಳ್ಳು ಹೇಳಿದೆ, ಕ್ಷಮಿಸಿ. ಫೆಬ್ರವರಿ ಮೂವತ್ತೂ ಸುಳ್ಳೇ. ಹುಬ್ಬಳ್ಳಿಯವನಾಗಿ ನಿಮ್ಮ ಹುಬ್ಬೇರಿಸದೆ ಪತ್ರ ಶುರುಮಾಡಲು ಮನಸ್ಸಾಗಲಿಲ್ಲ. ನನ್ನ ಹೆಸರು ಫಕೀರಪ್ಪ. ವಯಸ್ಸು ಬಂದಿದೆ, ಬುದ್ಧಿ ಇನ್ನೂ ದಾರಿಯಲ್ಲಿದೆ. ನಮ್ಮಲ್ಲಿ ವಯಸ್ಸಾದವರಿಗೆ ಒಂದೇ ಒಂದು ಸಲ ಹಿಂದಂಚೆ ಸಿಗುತ್ತದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಉಳಿದವರು ಅದರಲ್ಲಿ ಮುತ್ತಜ್ಜಂದಿರ ಕ್ಷೇಮ ಕೇಳುತ್ತಾರೆ. ನಾನು ನಿಮಗೆ ಬರೆಯುತ್ತಿರುವುದಕ್ಕೆ ಕಾರಣ ಬೇರೆ: ಇಲ್ಲಿ ನನ್ನ ಮಾತು ನಂಬುವವರು ಖರ್ಚಾಗಿ ಹೋಗಿದ್ದಾರೆ.

ನನ್ನ ಪದಗಳು ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ, ನಿಮ್ಮವೂ ನಮಗೆ ಹಾಗೇ. ನೀವು ಲಾರಿ, ಟ್ರಕ್, ಟ್ರೈಲರ್ ಎನ್ನುತ್ತಿದ್ದಿರಿ. ಘಟ್ಟ ಕಂಡಾಗಲೆಲ್ಲ 'ಏರಲಾರೆ, ಏರಲಾರೆ' ಎಂದು ಏದುಸಿರು ಬಿಡುತ್ತಿದ್ದುದರಿಂದ ಲಾರಿ ಎಂಬ ಹೆಸರು ಬಂತೆಂದು ನಾನು ಅಂಗಳದ ಮಕ್ಕಳಿಗೆ ಪಾಠ ಮಾಡಿದ್ದೆ. ಅವರು ಪರೀಕ್ಷೆಯಲ್ಲಿ ಹಾಗೇ ಬರೆದು ಬಂದರು. ನಿಜವೆಂದರೆ ಲಾರಿ ಎಲ್ಲಿಂದ ಬಂತೆಂದು ಬಲ್ಲವರಿಗೂ ಖಚಿತವಿಲ್ಲ. ಟ್ರಕ್ ಎಂದರೆ ಮೊದಲು ಬರೀ ಸಣ್ಣ ಗಾಲಿಯಂತೆ, ಗಾಲಿಯ ಹೆಸರು ಕೊನೆಗೆ ಗಾಡಿಗೇ ಅಂಟಿಕೊಂಡಿತು. ಟ್ರೈಲರ್ ಎಂದರೆ ಎಳೆಸಿಕೊಂಡು ಹಿಂದೆ ಬರುವುದು. ನಾವು ಎಳೆಯುವ ಮುಂಭಾಗಕ್ಕೆ ಎಳೆಯಪ್ಪ ಎನ್ನುತ್ತೇವೆ, ಸರಕು ಹೊತ್ತು ಹಿಂದೆ ಬರುವುದಕ್ಕೆ ಬಾಲವ್ವ. ಎಳೆಯಪ್ಪ ಎಳೆಯನಲ್ಲ, ಬಾಲವ್ವ ಬಾಲೆಯಲ್ಲ. ಈ ಮಾತು ಮಾತ್ರ ನನ್ನದಲ್ಲ, ನಮ್ಮಜ್ಜನದು.

ಈಗ ಚಾಲಕರಿಲ್ಲ. ಎಳೆಯಪ್ಪ ತಾನೇ ದಾರಿ ನೋಡಿಕೊಂಡು ಹೋಗುತ್ತದೆ. ಜೊತೆಗೆ ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಕೂಗಿ ಎಚ್ಚರಿಸುವ ಇಬ್ಬರು ಕೂಗಾಳುಗಳಿರುತ್ತಾರೆ, ಒಬ್ಬರು ಮುಂದೆ, ಇನ್ನೊಬ್ಬರು ಬಾಲವ್ವನ ಬೆನ್ನ ಮೇಲೆ. ಪ್ರತಿ ಬಾಲವ್ವನಿಗೂ ಒಂದು ಹೆಸರಿದೆ, ಅದನ್ನು ಕೇಳಿಸಿಕೊಳ್ಳಲು ಎರಡು ಯಂತ್ರದ ಕಿವಿಗಳಿವೆ. ಆ ಹೆಸರನ್ನು ಯಾರು ಕೂಗಿದರೂ ಅದು ಕೊಂಡಿ ಕಳಚಿಕೊಳ್ಳುತ್ತದೆ. ಓಡುತ್ತಿದ್ದರೂ ಕಳಚುತ್ತದೆ, ಬೆಂಕಿ ಹೊತ್ತಿದಾಗ ಬೇಕಾಗುತ್ತದೆಂದು ಹಾಗೆ ಮಾಡಿದ್ದಾರೆ. ಅದಕ್ಕೇ ಮನುಷ್ಯರ ಹೆಸರನ್ನು ಬಾಲವ್ವನಿಗೆ ಇಡುವ ಹಾಗಿಲ್ಲ. ನೀವು ಲಾರಿಯ ಹಣೆಯ ಮೇಲೆ ದೇವರ ಹೆಸರು, ಮಕ್ಕಳ ಹೆಸರು ಬರೆಸುತ್ತಿದ್ದಿರಿ. ನಮ್ಮ ಬಾಲವ್ವಗಳು ಹೊಟ್ಟೆಬಾಕಿ, ಉದ್ದನಾಕಿ, ತೂಗುಮಂಚಿ.

ಹೆಸರಿಡುವ ಶಾಸ್ತ್ರ ಮಾತ್ರ ನಿಮ್ಮ ತೊಟ್ಟಿಲಿನದೇ. ಅಂಗಳಕ್ಕೆಲ್ಲ ಸೋದರತ್ತೆಯಾದ ನನ್ನ ತಂಗಿ ಸಿದ್ದವ್ವ ಬಾಲವ್ವನ ಬಲಗಿವಿಗೆ ಬಾಯಿಟ್ಟು 'ಕುರ್ರ್' ಎಂದು ಹೆಸರು ಊದುತ್ತಾಳೆ. ಕೂಡಲೇ ಸುತ್ತ ನಿಂತವರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಹೆಸರಿಟ್ಟವರಿಗೆ ಗುದ್ದು ಬೀಳಲೇಬೇಕು. ಬಲಗಿವಿ ಕೆಟ್ಟರೆ ಇರಲೆಂದು ಎಡಗಿವಿಯೂ ಇದೆ, ಅದಕ್ಕೆ ಕುಂಕುಮ ಹಚ್ಚಿ ಹಾಗೇ ಬಿಡುತ್ತಾರೆ.

ಇವತ್ತು ಬೆಳಿಗ್ಗೆ ತೂಗುಮಂಚಿಗೆ ಹೆಸರಾಯಿತು. ಎಲ್ಲರೂ ಸಿದ್ದವ್ವನನ್ನು ಗುದ್ದುವ ಗದ್ದಲದಲ್ಲಿದ್ದಾಗ ಯಾವನೋ ಕಿಡಿಗೇಡಿ ಆಚೆ ಬದಿಗೆ ಹೋಗಿ ಎಡಗಿವಿಗೆ 'ನೀಲಗಂಗಾ' ಎಂದು ಊದಿಬಿಟ್ಟ. ನೀಲಗಂಗಾ ನನ್ನ ಮೊಮ್ಮಗಳು. ಅಂಗಳದಲ್ಲಿ ಅವಳನ್ನು ಕರೆದಾಗ ಬಾಲವ್ವನೂ ಕೊಂಡಿ ಬಿಚ್ಚಿ ಧಡ್ ಎನ್ನಲಿ, ಜನ ಬೆಚ್ಚಿಬೀಳಲಿ ಎಂದು ಅವನ ಆಸೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳೇ ಸುದ್ದಿ ತಂದಳು: ತೂಗುಮಂಚಿಗೆ ಈಗಷ್ಟೇ ಕೊಂಡಿ ಹಾಕುತ್ತಿದ್ದಾರೆ, ಅದರ ಬೆನ್ನೇರಿ ಹೋಗುವ ಕೂಗಾಳು ತಾನೇ, ಸಂಜೆಯೊಳಗೆ ಅರಬೈಲ್ ಘಟ್ಟ.

ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. ಘಟ್ಟದ ಪ್ರತಿ ತಿರುವಿನಲ್ಲೂ ಮುಂದಿನ ಕೂಗಾಳು ಹಿಂದಿನವರನ್ನು ಹೆಸರು ಹಿಡಿದು ಕರೆಯುತ್ತಾರೆ.

"ಹೋಗಬ್ಯಾಡವ್ವಾ," ಎಂದೆ. "ಅದರ ಎಡಗಿವ್ಯಾಗ ಯಾರೋ ನಿನ್ನ ಹೆಸರು ಊದ್ಯಾರ."

"ಹೌದನ? ಹ್ವಾದ ವಾರ ಗಾಲಿ ಕಳುವಾಗ್ಯಾವ ಅಂದಿ. ಮೊನ್ನೆ ಘಟ್ಟನ ಕುಸದೈತಿ ಅಂದಿ. ಸುಮ್ನ ಉಣ್ಣಜ್ಜಾ."

"ಗುದ್ದು ತಿಂದಾಕಿ ನಾನು, ತಲಿ ಕೆಟ್ಟಿದ್ದು ಇವಗ," ಎಂದಳು ಸಿದ್ದವ್ವ.

ಅವಳ ಹೆಸರು ಕೂಗಿ ತೋರಿಸಬಹುದು. ಆದರೆ ಎರಡು ಹೆಸರಿನ ಬಾಲವ್ವನನ್ನು ಕಿವಿ ಬದಲಿಸುವ ತನಕ ಹೊರಗೆ ಬಿಡುವುದಿಲ್ಲ. ಅದರ ಕೂಗಾಳು ಸರದಿಯ ಕೊನೆಗೆ ಹೋಗಿ ನಿಲ್ಲಬೇಕು. ಈ ಸರದಿಗಾಗಿ ಹುಡುಗಿ ಎಷ್ಟೋ ಮಳೆಗಾಲ ಕಾದಿದ್ದಾಳೆ. ಹೊಸ ಬೂಟು ಬಿಚ್ಚದೆ ಊಟಕ್ಕೆ ಕೂತು ಸಿದ್ದವ್ವನ ಕೈಲಿ ಬೈಸಿಕೊಂಡಳು. ಕೂಗಿದರೆ ಅವಳ ಪಯಣ ಹೋಯಿತು, ಕೂಗದಿದ್ದರೆ ಅವಳೇ. ಸರಕಿಗೆ ಹಗ್ಗ ಬಿಗಿಯುವ ಸದ್ದು ಇಲ್ಲಿಗೂ ಕೇಳುತ್ತಿದೆ. ಈಗ ಅದೂ ನಿಂತಿತು. ಪೆನ್ನು ಕೆಳಗಿಡುತ್ತೇನೆ.

ಹೋಗಿ ಬಂದೆ.

ಎಳೆಯಪ್ಪ ಹೊರಡಲು ಗುರುಗುಟ್ಟುತ್ತಿತ್ತು. ನೀಲಗಂಗಾ ಏಣಿಯ ಮೇಲೆ ಒಂದು ಕಾಲಿಟ್ಟಿದ್ದಳು. "ಇಳಿಯವ್ವಾ, ಒಂದ ಮಾತೈತಿ," ಎಂದು ಇಳಿಸಿ, ದೂರ ಕರೆದುಕೊಂಡು ಬಂದು, ಅವಳು ಪಕ್ಕದಲ್ಲೇ ಇದ್ದರೂ ಅವಳ ಹೆಸರನ್ನು ಎದೆ ಬಿರಿಯುವಂತೆ ಕೂಗಿದೆ. ಕೊಂಡಿ ಕಳಚಿತು. ತೂಗುಮಂಚಿ ಮೂತಿ ನೆಲಕ್ಕೆ ಬಡಿದು ಕೂತಿತು.

ಅಂಗಳದ ಯಜಮಾನರಾದ ವಿರೂಪಾಕ್ಷಪ್ಪ ಓಡಿ ಬಂದರು. "ಯಾವಂವಾ ಇದನ್ನ ಊದಿದಂವಾ?"

ನೀಲಗಂಗಾ ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಹಿಂದೆ ಬಂದು ಬೆನ್ನಿಗೆ ಒಂದು ಗುದ್ದು ಗುದ್ದಿದಳು.

"ಹೆಸರಿಟ್ಟಾವರಿಗೆ ಬೀಳಬೇಕಲ್ಲಜ್ಜಾ," ಎಂದಳು. ನಗಲಿಲ್ಲ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮನೆಯ ಕಡೆ ನಡೆದಳು.

ಯಜಮಾನರಿಗೆ ಈಗ ಬೇರೆ ಭಯ: ಈ ಮುದುಕ ಇನ್ನೆಷ್ಟು ಕಿವಿಗೆ ಊದಿದ್ದಾನೋ. ಅಂಗಳದ ಒಂದೊಂದು ಬಾಲವ್ವನ ಮುಂದೆಯೂ ಜನ ನಿಂತು ಊರಿನವರ ಹೆಸರುಗಳನ್ನೆಲ್ಲ ಕೂಗಿ ನೋಡುತ್ತಿದ್ದಾರೆ. ಸರಕೆಲ್ಲ ನಿಂತಿದೆ. ಬೇರೆ ಯಾವುದಕ್ಕೂ ಊದಿಲ್ಲವೆಂದು ಹೇಳಿದೆ. ಸಿದ್ದವ್ವ ಕೂಡ ಮುಖ ತಿರುಗಿಸಿದಳು. ಒಂದೊಂದು ಹೆಸರು ಕೇಳಿದಾಗಲೂ ಧಡ್ ಎನ್ನುತ್ತಿರುವುದು ನನ್ನ ಎದೆ ಮಾತ್ರ.

ಮೊದಲ ಸಾಲಿನಲ್ಲಿ ನಿಮ್ಮನ್ನೂ ಬೆದರಿಸಿದೆ, ಗೊತ್ತು. ಆದರೂ ನೀವಾದರೂ ನಂಬಿ. ಊದಿದವನು ನಾನೇ. ಒಂದೇ ಕಿವಿಗೆ.

ಫಕೀರಪ್ಪ