ಹತ್ತಿ ಮಿಲ್ಲಿನ ಅಲಾರಂ

ವಾಣಿ,
ಮಿಲ್ಲಿಗೆ ಬೆಂಕಿ ಬಿದ್ದು ನಿಮ್ಮಣ್ಣ ತೀರಾ ಸುಟ್ಟುಕೊಂಡಿದ್ದಾರೆ. ಬಳ್ಳಾರಿ ಆಸ್ಪತ್ರೆಗೆ ಹೊರಟಿದ್ದೇನೆ.

ಮಿಲ್ಲಿನಲ್ಲಿ ಹೊಗೆ ಕಂಡರೆ ಕೂಗುವ ಅಲಾರಂ ಇತ್ತು. ಅದು ಹತ್ತಿ ಧೂಳಿಗೂ ಕೂಗುತ್ತಿದ್ದರಿಂದ ಸಾಹುಕಾರರು, "ದಿನಾ ಹೊಯ್ಕೊಂತೈತಿ, ಕಿತ್ತು ಹಾಕ್ರಿ" ಅಂದು, ಕಾವು ಏರಿದರೆ ಮಾತ್ರ ಕೂಗುವುದನ್ನು ಹಾಕಿಸಿದ್ದರು. ಇವತ್ತು ಅದು ಕೂಗುವ ಹೊತ್ತಿಗೆ ಬೆಂಕಿ ಸೂರು ಮುಟ್ಟಿತ್ತಂತೆ. ಎಲ್ಲರೂ ಹೊರಗೋಡಿದರೆ ನಿಮ್ಮಣ್ಣ, ಒಳಗೆ ಸಿಕ್ಕಿಕೊಂಡಿದ್ದ ಕೂಲಿಯ ಉಚ್ಚಂಗೆಮ್ಮನನ್ನು ಹೊತ್ತು ತರಲು ಹೋದರು. ಅವಳು ಬದುಕಿದ್ದಾಳೆ. ಇವರು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಕೈ ಮಾತ್ರ ಸುಟ್ಟಿದೆ ಎಂದು ಅತ್ತೆಗೆ ಹೇಳಿದ್ದೇನೆ; ನೀನೂ ಹಾಗೇ ಹೇಳು. ಅವರಿಗೆ ಊಟ ಬಡಿಸಿ ಮಾತ್ರೆ ಕೊಡು. ಆಮೇಲೆ ಬೂತಿಗೆ ಹೋಗಿ, ಇಟ್ಟಿಗಿ ಊರಿನ ನೆಂಟರಿಗೆ ಫೋನ್ ಮಾಡಿ ಎಲ್ಲರನ್ನೂ ಬರಹೇಳು. ಅಳುವುದಿದ್ದರೆ ಅಲ್ಲೇ ಅತ್ತು ಬಾ.

ಸುಮಲತಾ