ಕರೆಯದೆ ಬುಟ್ಟಿ ಇಳಿಯದು

ಹೊನ್ನಾವರ
೨೦ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ವಿನುತಾ,

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೋ? ಫೋನಿನಲ್ಲಿ ಕೇಳಿದರೆ 'ಆರಾಮ' ಅಂದುಬಿಡುತ್ತೀ. ಮಸ್ಕತ್ತಿನಲ್ಲಿ ನರ್ಸಾದವಳು ತನ್ನ ನೋವನ್ನು ಗಂಡನಿಗೆ ಹೇಳಬಾರದೆಂದು ಕಾನೂನಿದೆಯೇನೋ! ನಾನು ಚೆನ್ನಾಗಿದ್ದೇನೆ. ರಜೆಗೆ ಬಂದಿದ್ದ ನಿನ್ನ ರೂಮಿನ ಹೇಮಾ ಇವತ್ತು ಹೊರಡುತ್ತಾಳೆ. ಅವಳ ಕೈಯಲ್ಲಿ ಮಿಡಿ ಉಪ್ಪಿನಕಾಯಿ, ಒಣ ಮುರುಗಲು ಮತ್ತು ಈ ಪತ್ರ ಕಳಿಸುತ್ತಿದ್ದೇನೆ. ಉಪ್ಪಿನಕಾಯಿ ಅವಳಿಗೂ ಸ್ವಲ್ಪ ಕೊಡು, ದಾರಿಯಲ್ಲೇ ತಿಂದು ಮುಗಿಸದಿದ್ದರೆ.

ನನ್ನ ಸುದ್ದಿ ಎಂದರೆ ಕಾಲೇಜಿನದ್ದೇ. ನಾಳೆಯಿಂದ ಕುಮಟಾದ ಜಾವಾ ಲ್ಯಾಬಿನಲ್ಲಿ ನಾನು ರಿಯಾಕ್ಟಿವ್ ಪ್ರೋಗ್ರಾಮಿಂಗ್ ಕಲಿಸಬೇಕಂತೆ. ಮಾಸ್ತರನಿಗೇ ಬಾರದ ವಿದ್ಯೆ! ಹಳೆಯ ರೀತಿಯಲ್ಲಿ ಪ್ರೋಗ್ರಾಮು ಏನಾದರೂ ಕೇಳಿದರೆ, ಅದು ಬರುವತನಕ ಕೈಕಟ್ಟಿ ನಿಂತಿರುತ್ತದೆ. ಇದರಲ್ಲಿ ಹಾಗಲ್ಲ. ಬಂದರೆ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತದೆ. ಓದಿ ಹೇಳಿದರೆ ಮಕ್ಕಳ ತಲೆಗೆ ಹತ್ತುವುದಿಲ್ಲ, ಕೈಯಾರೆ ಮಾಡಬೇಕು. ಅದಕ್ಕೆ ಹದಿನೈದು ದಿನ ಕೂತು ನಾನೇ ಅಭ್ಯಾಸಗಳನ್ನು ಬರೆದೆ. ಮೊದಲನೆಯದು ಮೀನಿನ ಬುಟ್ಟಿ. ತಾರ್ಲೆ, ಬಂಗಡೆ, ನೊಗ್ಲಿ ಒಂದೊಂದಾಗಿ ಬರಬೇಕು. ಬಂಗಡೆಯನ್ನಷ್ಟೇ ಆರಿಸಿ ಪರದೆಯ ಮೇಲೆ ತೋರಿಸಬೇಕು. ಎಲ್ಲ ಬರೆದು ಓಡಿಸಿ ನೋಡಿದೆ. ಏನೂ ಬರಲಿಲ್ಲ. ತಪ್ಪಾಗಿದೆ ಅಂತಲೂ ಹೇಳಲಿಲ್ಲ. ಖಾಲಿ ಪರದೆಯ ಮುಂದೆ ಅರ್ಧ ದಿನ ಕೂತಿದ್ದೆ.

ಅಷ್ಟರಲ್ಲಿ ಮೀನು ಮಾರುವ ಕಾಸರಕೋಡಿನ ಬೆಳ್ಳಿ ಬುಟ್ಟಿ ಹೊತ್ತುಕೊಂಡು ಓಣಿಯಲ್ಲಿ ಕೂಗುತ್ತಾ ಹೋದಳು. ನಿನಗೆ ಗೊತ್ತಲ್ಲ, ಯಾವ ಮನೆಯವರು ಕರೆಯುತ್ತಾರೋ ಆ ಅಂಗಳದಲ್ಲಿ ಮಾತ್ರ ಅವಳ ಬುಟ್ಟಿ ಇಳಿಯುವುದು. ನೀನು ಹೋದ ಮೇಲೆ ಒಬ್ಬನಿಗೆ ಎಂಥ ಮೀನು ಎಂದು ನಾನು ಕರೆದೇ ಇಲ್ಲ. ಗಂಜಿ, ಉಪ್ಪಿನಕಾಯಿಯಲ್ಲೇ ಎರಡು ವರ್ಷ ಕಳೆಯಿತು. ಆ ದಿನ ಸಿಟ್ಟಿಗೋ ಹಸಿವಿಗೋ ಬಾಗಿಲಿಗೆ ಬಂದು, ನಮ್ಮ ಮನೆಯೊಂದು ನಿನಗೆ ಕಾಣುವುದಿಲ್ಲವೇನೇ ಎಂದು ಜಗಳ ತೆಗೆದೆ. ಅವಳು ನಕ್ಕುಬಿಟ್ಟಳು. "ಮಾಸ್ತರ್ರೇ, ನೀವು ಕರೀದೇ ನಾ ಬುಟ್ಟಿ ಇಳ್ಸೂದು ಹ್ಯಾಂಗೆ?"

ಬಂಗಡೆ ತೆಗೆದುಕೊಂಡು ಒಳಗೆ ಬಂದು ನೋಡಿದರೆ ನನ್ನ ತಪ್ಪೂ ಅದೇ. ಸಬ್‌ಸ್ಕ್ರೈಬ್ ಎಂಬ ಒಂದು ಸಾಲು ಬಿಟ್ಟುಹೋಗಿತ್ತು. ಬೇಕು ಎಂದು ಯಾರಾದರೂ ಕೇಳುವತನಕ ಆ ಬುಟ್ಟಿಯಿಂದ ಒಂದು ಮೀನೂ ಹೊರಗೆ ಬರುವುದಿಲ್ಲ. ಸಾಲು ಸೇರಿಸಿದೆ, ಬಂಗಡೆಗಳು ಬಂದವು. ಮಕ್ಕಳ ಹಾಳೆಯಲ್ಲೂ ಆ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಅವರೂ ಸ್ವಲ್ಪ ಒದ್ದಾಡಲಿ.

ಆದರೆ ಬೆಳ್ಳಿಯ ಮಾತು ತಲೆಯಿಂದ ಹೋಗುತ್ತಿಲ್ಲ. ಜೂನ್ ತಿಂಗಳಲ್ಲಿ ನೀನು ಕೇಳಿದ್ದೆ: "ಆಸ್ಪತ್ರೆಯವ್ರು ಮತ್ತೆರಡು ವರ್ಷಕ್ಕೆ ಸಹಿ ಹಾಕಿ ಅಂತ್ರು. ಎಂತ ಮಾಡ್ಲಿ?" ನಾನು, "ನಿಂಗೆ ಹ್ಯಾಂಗೆ ಬೇಕೋ ಹಾಂಗೆ ಮಾಡು" ಅಂದೆ. ನೀನು, "ಊಟ ಆತಾ?" ಎಂದು ಕೇಳಿದೆ. ಹೆಂಡತಿಯನ್ನು ಕಟ್ಟಿಹಾಕದ ದೊಡ್ಡ ಮನುಷ್ಯ ಎಂದು ನನಗೆ ಒಳಗೊಳಗೇ ಹೆಮ್ಮೆ. ಅಂದಿನಿಂದ ದಿನಾ ಊಟದ ವಿಚಾರವನ್ನೇ ಮಾತಾಡುತ್ತಿದ್ದೇವೆ. ಸಹಿಗೆ ತಿಂಗಳ ಕೊನೆಯವರೆಗೆ ಸಮಯವಿದೆ ಎಂದು ಹೇಮಾ ಹೇಳಿದಳು. ಇರಲಿ. ಸಂಜೆ ಬಸ್ಸಿಳಿದು ಬಂದು ಬೀಗ ತೆಗೆಯುವಾಗ ತುಂಬಾ ಬೇಸರವಾಗುತ್ತದೆ. ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ವಾರ್ಡಿನ ಗೆಳತಿಯರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನವನೇ ಆದ
ಮಾಬ್ಲೇಶ್ವರ

ತಾ.ಕ.: ಹೇಮಾಳ ಆಟೋ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದೆ. ವಿನುತಾ, ಸಹಿ ಹಾಕಬೇಡ. ಮನೆಗೆ ಬಾ. ಆಗುವುದಿಲ್ಲ ಎಂದರೆ ಬೈದು ಬರೆ, ಓದುತ್ತೇನೆ. ಆದರೆ ನಾನು ಕರೆಯಲೇ ಇಲ್ಲ ಎಂದುಕೊಂಡು ಸಹಿ ಹಾಕಬೇಡ. ನನಗೆ ನೀನು ಇಲ್ಲಿ ಬೇಕು.